ಒಂದು ಲೀಟರ್ ಎಥೆನಾಲ್‌ಗೆ ಎಷ್ಟು ಇಂಧನ ಉರಿಯುತ್ತದೆ?

ಪ್ರಶ್ನೆ: ಬೆಳೆಯಿಂದ ಎಥೆನಾಲ್ ಮಾಡಲು, ಅದರಿಂದ ಸಿಗುವ ಶಕ್ತಿಗಿಂತ ಹೆಚ್ಚು ಶಕ್ತಿ ಖರ್ಚಾಗುತ್ತದೆ ಎಂದು ಒಂದು ಕಡೆ ಓದಿದೆ. ಹಾಕಿದ್ದರ ಎರಡರಷ್ಟು ಬರುತ್ತದೆ ಎಂದು ಇನ್ನೊಂದು ಕಡೆ. ಕಬ್ಬಿನದಾದರೆ ಎಂಟು ಪಟ್ಟು ಎಂದು ಮತ್ತೊಂದು ಕಡೆ. ಒಂದೇ ವಸ್ತುವಿನ ಲೆಕ್ಕದಲ್ಲಿ ಇಷ್ಟು ಅಂತರ ಹೇಗೆ? ಸಬ್ಸಿಡಿಯೋ ಕಡ್ಡಾಯ ಮಿಶ್ರಣವೋ ಇಲ್ಲದಿದ್ದರೆ ಇದು ತನ್ನ ಕಾಲ ಮೇಲೆ ನಿಲ್ಲುತ್ತದೆಯೇ?

ಉತ್ತರ: ಮೂರು ಅಂಕಿಗಳ ಹಿಂದೆಯೂ ಕೂತು ಲೆಕ್ಕ ಹಾಕಿದವರಿದ್ದಾರೆ. ಮೊದಲನೆಯದು ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಪಿಮೆಂಟೆಲ್ ಮತ್ತು ಬರ್ಕ್ಲಿಯ ಟ್ಯಾಡ್ ಪ್ಯಾಟ್ಜೆಕ್ 2005ರಲ್ಲಿ ಪ್ರಕಟಿಸಿದ್ದು: ಮೆಕ್ಕೆಜೋಳದ ಎಥೆನಾಲ್ ಕೊಡುವ ಶಕ್ತಿಗಿಂತ ಶೇ 29ರಷ್ಟು ಹೆಚ್ಚು ಪಳೆಯುಳಿಕೆ ಇಂಧನ ಅದನ್ನು ಮಾಡಲು ಬೇಕು ಎಂಬುದು ಅವರ ತೀರ್ಮಾನ. ಎರಡನೆಯದು ಅಮೆರಿಕದ ಕೃಷಿ ಇಲಾಖೆಯದು. ಹಾಕಿದ ಪಳೆಯುಳಿಕೆ ಶಕ್ತಿಯ ಒಂದು ಪಾಲಿಗೆ ಎಥೆನಾಲ್‌ನಿಂದ ಎಷ್ಟು ಪಾಲು ವಾಪಸ್ ಬರುತ್ತದೆ ಎಂಬ ಅನುಪಾತವನ್ನು ಅದು 2002ರಲ್ಲಿ 1.34 ಎಂದಿತ್ತು, ಮುಂದೆ 2015ರ ಶಕ್ತಿ ಲೆಕ್ಕದಲ್ಲಿ ಸುಮಾರು 2.1 ಎಂದಿತು. ಮೂರನೆಯದು ಬ್ರೆಜಿಲ್‌ನ ಕಬ್ಬಿನದು, ಎಂಟರಿಂದ ಒಂಬತ್ತು. ಇವರಲ್ಲಿ ಯಾರೂ ಕೂಡಿಸಿ ಕಳೆಯುವುದರಲ್ಲಿ ತಪ್ಪಿದವರಲ್ಲ. ಯಾವುದನ್ನು ಖರ್ಚಿನ ಕಡೆ ಬರೆಯಬೇಕು, ಯಾವುದನ್ನು ಜಮೆಯ ಕಡೆ ಬರೆಯಬೇಕು, ಯಾವುದನ್ನು ಬರೆಯದೇ ಬಿಡಬೇಕು ಎಂಬಲ್ಲಿ ಅವರ ದಾರಿಗಳು ಬೇರೆಯಾದವು. ನನ್ನ ಮಟ್ಟಿಗೆ ಮೊದಲನೆಯ ಅಂಕಿ ಹಳೆಯದಾಯಿತು. ಮೂರನೆಯದು ನಿಜ, ಆದರೆ ಅದನ್ನು ಓದುವವರು ಹೆಚ್ಚಾಗಿ ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಜಮೆಯ ಕಡೆಯಿಂದ ಶುರು ಮಾಡೋಣ, ಅಲ್ಲಿ ಜಗಳವಿಲ್ಲ. ಒಂದು ಲೀಟರ್ ಎಥೆನಾಲ್ ಉರಿದರೆ ಸುಮಾರು 21 ಮೆಗಾಜೂಲ್ ಶಕ್ತಿ. ಒಂದು ಲೀಟರ್ ಪೆಟ್ರೋಲ್‌ಗೆ ಸುಮಾರು 32. ಅಂದರೆ ಎಥೆನಾಲ್ ಪೆಟ್ರೋಲ್‌ನ ಮೂರನೇ ಎರಡು ಭಾಗ. ಶೇ 10 ಎಥೆನಾಲ್ ಬೆರೆಸಿದ ಪೆಟ್ರೋಲ್‌ನಲ್ಲಿ ಲೀಟರಿಗೆ ಶೇ 3ಕ್ಕಿಂತ ತುಸು ಹೆಚ್ಚು, ಶೇ 20 ಬೆರೆಸಿದ್ದರಲ್ಲಿ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆ ಇರುತ್ತದೆ. ಮೈಲೇಜ್ ಕೂಡ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಎಥೆನಾಲ್‌ನ ಆಕ್ಟೇನ್, ಅಂದರೆ ಎಂಜಿನ್ ಬಡಿತ ತಡೆಯುವ ಗುಣ, ಹೆಚ್ಚಿರುವುದರಿಂದ, ಅದಕ್ಕೆಂದೇ ಸಂಪೀಡನ ಅನುಪಾತ (ಉರಿಯುವ ಮುನ್ನ ಇಂಧನ, ಗಾಳಿಯನ್ನು ಒತ್ತುವ ಪ್ರಮಾಣ) ಏರಿಸಿ ಕಟ್ಟಿದ ಎಂಜಿನ್ ಈ ನಷ್ಟದಲ್ಲಿ ಒಂದಿಷ್ಟನ್ನು ವಾಪಸ್ ಗಳಿಸಬಲ್ಲದು. ಈಗಾಗಲೇ ರಸ್ತೆಯಲ್ಲಿರುವ ಸಾಮಾನ್ಯ ಎಂಜಿನ್‌ಗೆ ಆ ಭಾಗ್ಯವಿಲ್ಲ.

ಇನ್ನು ಖರ್ಚಿನ ಕಡೆ. ಹೆಚ್ಚಿನವರು ನಷ್ಟವೆಲ್ಲ ಹುದುಗುವಿಕೆಯಲ್ಲಿ ಆಗುತ್ತದೆ ಎಂದುಕೊಂಡಿರುತ್ತಾರೆ. ಯೀಸ್ಟ್ ಒಂದು ಗ್ಲೂಕೋಸ್ ಅಣುವನ್ನು ಒಡೆದು ಎರಡು ಎಥೆನಾಲ್ ಅಣು, ಎರಡು ಕಾರ್ಬನ್ ಡೈಆಕ್ಸೈಡ್ ಅಣು ಮಾಡುತ್ತದೆ. ತೂಕದಲ್ಲಿ ಅರ್ಧದಷ್ಟು ಗಾಳಿಗೆ ಹೋಯಿತು, ನಿಜ. ಆದರೆ ಸಕ್ಕರೆಯಲ್ಲಿದ್ದ ದಹನಶಕ್ತಿಯಲ್ಲಿ ಸಿದ್ಧಾಂತದ ಪ್ರಕಾರ ಶೇ 97ರಷ್ಟು ಎಥೆನಾಲ್‌ನಲ್ಲೇ ಉಳಿದಿರುತ್ತದೆ. ಮನುಷ್ಯ ಕಟ್ಟಿದ ಯಾವ ಯಂತ್ರಕ್ಕೂ ಇಷ್ಟು ದಕ್ಷತೆ ಅಪರೂಪ. ಯೀಸ್ಟ್ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುತ್ತದೆ. ತೊಂದರೆ ಅಲ್ಲಿಂದ ಆಚೆಗೆ.

ತೊಂದರೆಯ ಹೆಸರು ನೀರು. ಹುದುಗಿದ ರಸದಲ್ಲಿ ಮದ್ಯಸಾರ ಒಂದು ಮಿತಿ ದಾಟಿದರೆ ಯೀಸ್ಟ್ ತಾನೇ ಸಾಯುತ್ತದೆ. ಮೆಕ್ಕೆಜೋಳದ ಕಾರ್ಖಾನೆಗಳಲ್ಲಿ ಶೇ 12ರಿಂದ 15ರ ಆಸುಪಾಸು, ಕಬ್ಬಿನ ರಸದಲ್ಲಿ ಇನ್ನೂ ಕಡಿಮೆ. ಉಳಿದದ್ದೆಲ್ಲ ಬಹುಪಾಲು ನೀರೇ. ಇಂಧನಕ್ಕೆ ಬೇಕಾದದ್ದು ನೀರಿಲ್ಲದ ಎಥೆನಾಲ್. ಹಾಗಾಗಿ ಕಾಯಿಸಬೇಕು, ಆವಿ ಮಾಡಬೇಕು, ತಣಿಸಬೇಕು, ಮತ್ತೆ ಕಾಯಿಸಬೇಕು. ಬಟ್ಟಿ ಇಳಿಸುತ್ತ ಹೋದರೆ ತೂಕದಲ್ಲಿ ಶೇ 95.6ಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿ ಆವಿಯಲ್ಲೂ ದ್ರವದಲ್ಲೂ ನೀರಿನ ಪಾಲು ಒಂದೇ ಆಗಿಬಿಡುವುದರಿಂದ ಎಷ್ಟು ಕುದಿಸಿದರೂ ಮುಂದೆ ಹೋಗದು. ಉಳಿದ ನೀರನ್ನು ಹೀರಲು ಜಿಯೋಲೈಟ್ ಕಾಳುಗಳ ಸ್ತಂಭ ಬೇಕು, ಆ ಕಾಳುಗಳನ್ನು ಮತ್ತೆ ಒಣಗಿಸಬೇಕು. ಮೆಕ್ಕೆಜೋಳವಾದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಹುದುಗಿಸುವ ಮುಂಚೆ ಹಿಟ್ಟನ್ನು ಬೇಯಿಸಿ, ಕಿಣ್ವ ಹಾಕಿ ಪಿಷ್ಟವನ್ನು ಸಕ್ಕರೆಯಾಗಿಸಬೇಕು. ಕೊನೆಗೆ ಉಳಿಯುವ ಒದ್ದೆ ಹಿಂಡಿಯನ್ನು ಒಣಗಿಸಬೇಕು. ಈ ಒಣಗಿಸುವ ಕೆಲಸವೊಂದೇ ಕಾರ್ಖಾನೆಯ ಶಾಖದಲ್ಲಿ ದೊಡ್ಡ ಪಾಲು ತಿನ್ನುತ್ತದೆ. ಪಕ್ಕದಲ್ಲೇ ಹೈನು ಸಾಕಣೆ ಇದ್ದು ಹಿಂಡಿಯನ್ನು ಒದ್ದೆಯಾಗಿಯೇ ಮಾರಿದರೆ ಇಡೀ ಲೆಕ್ಕವೇ ಸುಧಾರಿಸುತ್ತದೆ.

ಈಗ ಒಂದು ಲೀಟರ್ ಮೆಕ್ಕೆಜೋಳದ ಎಥೆನಾಲ್‌ನ ಖರ್ಚನ್ನು ಕೂಡಿಸಿ ನೋಡೋಣ. ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಲೀಟರಿಗೆ ಸುಮಾರು 2.4 ಕಿಲೋ ಜೋಳ ಬೇಕು. ಒಳ್ಳೆಯ ಇಳುವರಿಯ ಹೊಲದಲ್ಲಿ ಹೆಕ್ಟೇರಿಗೆ 11 ಟನ್ ಬಂದರೆ 4,500 ಲೀಟರ್ ಆಯಿತು. ಆ ಹೆಕ್ಟೇರಿಗೆ 150 ಕಿಲೋ ಸಾರಜನಕ ಹಾಕಿದ್ದಾರೆ ಎನ್ನಿ. ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವುದು ನೈಸರ್ಗಿಕ ಅನಿಲ. ಕಿಲೋಗೆ ಹತ್ತಿರಹತ್ತಿರ 50 ಮೆಗಾಜೂಲ್. ಅಲ್ಲಿಗೆ ಎಥೆನಾಲ್‌ನ ಪ್ರತಿ ಲೀಟರಿಗೆ 1.7 ಮೆಗಾಜೂಲ್ ಬರೀ ಸಾರಜನಕದ ಬಾಬ್ತು. ಡೀಸೆಲ್, ಉಳಿದ ಗೊಬ್ಬರ, ಕೀಟನಾಶಕ, ಬೀಜ, ಕಾಳು ಒಣಗಿಸುವುದು ಎಲ್ಲ ಸೇರಿದರೂ ಹೊಲದ ಪಾಲು ಲೀಟರಿಗೆ ಮೂರೂವರೆ ಮೆಗಾಜೂಲ್ ಹತ್ತಿರ. ಅದರಲ್ಲಿ ಅರ್ಧ ಸಾರಜನಕದ್ದೇ. ಟ್ರ್ಯಾಕ್ಟರ್ ಹೊಗೆ ಕಣ್ಣಿಗೆ ಕಾಣುತ್ತದೆ, ಗೊಬ್ಬರದ ಚೀಲದಲ್ಲಿ ಅಡಗಿರುವ ಅನಿಲ ಕಾಣುವುದಿಲ್ಲ.

ಕಾರ್ಖಾನೆಯಲ್ಲಿ ಈಗಿನ ಒಳ್ಳೆಯ ಘಟಕವಾದರೆ ಲೀಟರಿಗೆ 7ರಿಂದ 8 ಮೆಗಾಜೂಲ್ ನೈಸರ್ಗಿಕ ಅನಿಲ. ವಿದ್ಯುತ್ತಿಗಾಗಿ ಉರಿಸಿದ ಇಂಧನ ಸೇರಿಸಿದರೆ 9ರ ಹತ್ತಿರ. 1980ರ ದಶಕದ ಘಟಕಗಳಿಗೆ ಇದರ ಎರಡರಷ್ಟು ಬೇಕಾಗುತ್ತಿತ್ತು. ಸಾಗಣೆಗೆ ಅರ್ಧ, ಮುಕ್ಕಾಲು. ಒಟ್ಟು 13. ಬಂದದ್ದು 21. ಅನುಪಾತ 1.6.

ಆದರೆ ಜೋಳದಲ್ಲಿ ನಾವು ಬಳಸಿಕೊಂಡದ್ದು ಪಿಷ್ಟವನ್ನು ಮಾತ್ರ. ಪ್ರೋಟೀನು, ಎಣ್ಣೆ, ನಾರು ಹಾಗೆಯೇ ಉಳಿದು, ಪ್ರತಿ ಟನ್ ಜೋಳಕ್ಕೆ ಸುಮಾರು 300 ಕಿಲೋ ಪಶುಆಹಾರವಾಗಿ ವಾಪಸ್ ಬರುತ್ತವೆ. ಅಷ್ಟು ಪಶುಆಹಾರವನ್ನು ಬೇರೆ ಕಡೆ ಬೆಳೆಯುವ ಖರ್ಚು ಉಳಿಯಿತಲ್ಲ, ಅದನ್ನು ಕಳೆಯಬೇಕು. ಎರಡೂವರೆ, ಮೂರು ಮೆಗಾಜೂಲ್ ಕಳೆದರೆ ನಿವ್ವಳ ಖರ್ಚು 10, ಅನುಪಾತ 2. ಕೃಷಿ ಇಲಾಖೆಯ ಅಂಕಿ ಇಲ್ಲಿಂದ ಬರುತ್ತದೆ. ಇದೇ ಹಿಂಡಿಯ ಜಮೆಯನ್ನು ತೂಕದ ಮೇಲೆ ಹಂಚಿದರೆ ಒಂದು ಉತ್ತರ, ಶಕ್ತಿಯ ಮೇಲೆ ಹಂಚಿದರೆ ಇನ್ನೊಂದು, ಮಾರುಕಟ್ಟೆ ಬೆಲೆಯ ಮೇಲೆ ಹಂಚಿದರೆ ಮತ್ತೊಂದು. ಜಮೆಯೇ ಬೇಡವೆಂದು ಬಿಟ್ಟು, ಖರ್ಚಿಗೆ ಹಳೆಯ ಘಟಕದ ಶಾಖವನ್ನು ಹಿಡಿದು, ಯಂತ್ರ ತಯಾರಿಕೆಯ ಉಕ್ಕನ್ನೂ ಸೇರಿಸಿದರೆ ಅನುಪಾತ ಒಂದಕ್ಕಿಂತ ಕೆಳಗಿಳಿಯುತ್ತದೆ. 2006ರಲ್ಲಿ ಬರ್ಕ್ಲಿಯ ಅಲೆಕ್ಸಾಂಡರ್ ಫ್ಯಾರೆಲ್ ಮತ್ತು ಸಂಗಡಿಗರು ಆರು ಅಧ್ಯಯನಗಳನ್ನು ಒಂದೇ ಅಳತೆಗೋಲಿಗೆ ತಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ: ನಷ್ಟವೆಂದು ತೋರಿಸಿದ ಲೆಕ್ಕಗಳು ಉಪಉತ್ಪನ್ನಗಳನ್ನು ಕೈಬಿಟ್ಟಿವೆ, ಕೆಲವು ದತ್ತಾಂಶ ಹಳೆಯವು. ಪ್ಯಾಟ್ಜೆಕ್ ಕೂಡ ಬರ್ಕ್ಲಿಯವರೇ ಆಗಿದ್ದರಿಂದ ಒಂದೇ ಆವರಣದೊಳಗೆ ಎರಡು ಬಣವಾದಂತಾಯಿತು.

ಫ್ಯಾರೆಲ್ ತಂಡದ ಲೇಖನದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿತ್ತು, ಅದು ಅಷ್ಟಾಗಿ ಹರಡಲಿಲ್ಲ. ಎಥೆನಾಲ್ ಮಾಡಲು ಪೆಟ್ರೋಲಿಯಂ ಬೇಕಾಗುವುದು ಬಹಳ ಕಡಿಮೆ. ಬೇಕಾಗುವುದು ಬಹುತೇಕ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲು. ಟ್ಯಾಂಕಿಗೆ ನೇರವಾಗಿ ಸುರಿಯಲಾಗದ ಇಂಧನವನ್ನು ಖರ್ಚು ಮಾಡಿ, ಸುರಿಯಬಹುದಾದ ದ್ರವವನ್ನು ಪಡೆಯುವ ವ್ಯವಹಾರ ಇದು. ತೈಲ ಆಮದು ತಗ್ಗಿಸಬೇಕೆನ್ನುವ ಸರ್ಕಾರಕ್ಕೆ ಅನುಪಾತ 1.2 ಇದ್ದರೂ ಲಾಭವೇ, ಅನಿಲವೋ ಕಲ್ಲಿದ್ದಲೋ ಮನೆಯೊಳಗೇ ಇದ್ದರೆ. ಹವಾಮಾನದ ಚಿಂತೆ ಇರುವವರಿಗೆ ಅದೇ 1.2 ಏನೇನೂ ಸಾಲದು. ವಾದಿಸುವವರಿಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರಿಸುತ್ತಿರುತ್ತಾರೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಕಳೆಯುತ್ತೇನೆ. ಪೆಟ್ರೋಲ್‌ಗೂ ಇದೇ ಅನುಪಾತ ಹಾಕಿದರೆ ಸುಮಾರು 0.8 ಬರುತ್ತದೆ. ಏಕೆಂದರೆ ಪೆಟ್ರೋಲ್ ತಾನೇ ಪಳೆಯುಳಿಕೆ ಇಂಧನ; ಒಂದು ಮೆಗಾಜೂಲ್ ಪೆಟ್ರೋಲ್ ಬಂಕ್ ತಲುಪುವಷ್ಟರಲ್ಲಿ ತೆಗೆಯಲು, ಶುದ್ಧೀಕರಿಸಲು ಇನ್ನೊಂದು 0.2 ಖರ್ಚಾಗಿರುತ್ತದೆ. ಹಾಗಾಗಿ ‘ಎಥೆನಾಲ್ 1.3, ಪೆಟ್ರೋಲ್ 0.8, ನೋಡಿ ಎಷ್ಟು ಮೇಲು’ ಎನ್ನುವ ಪ್ರಚಾರ ಲೆಕ್ಕದಲ್ಲಿ ಸರಿ, ನ್ಯಾಯದಲ್ಲಿ ಅಲ್ಲ. ಒಂದರಲ್ಲಿ ನಾವು ಸಿದ್ಧವಾಗಿರುವ ಗಣಿಯಿಂದ ತೆಗೆಯುತ್ತಿದ್ದೇವೆ, ಇನ್ನೊಂದರಲ್ಲಿ ಬಿಸಿಲಿನಿಂದ ಹೊಸದಾಗಿ ಕಟ್ಟುತ್ತಿದ್ದೇವೆ.

ಅನುಪಾತವನ್ನು ಓದುವುದಕ್ಕೂ ಒಂದು ಕ್ರಮವಿದೆ. ಅನುಪಾತ 1.3 ಅಂದರೆ ಮಾಡಿದ್ದರಲ್ಲಿ ಶೇ 77 ಹಾಕಿದ್ದನ್ನು ತುಂಬಿಸಿಕೊಳ್ಳಲಿಕ್ಕೇ ಹೋಯಿತು, ಕೈಗೆ ಉಳಿದದ್ದು ಶೇ 23. ಒಂದು ಲೀಟರ್ ನಿವ್ವಳ ಇಂಧನಕ್ಕೆ ನಾಲ್ಕೂ ಚಿಲ್ಲರೆ ಲೀಟರ್ ಮಾಡಬೇಕು. ಅನುಪಾತ 2 ಆದರೆ ಅರ್ಧ ಉಳಿಯಿತು. 8 ಆದರೆ ಶೇ 87.5. ಅಲ್ಲಿಂದ 16ಕ್ಕೆ ಏರಿಸಿದರೂ ಉಳಿಯುವುದು ಶೇ 94ರ ಹತ್ತಿರ, ಅಷ್ಟೇನೂ ವ್ಯತ್ಯಾಸವಿಲ್ಲ. ಏರಿಳಿತ ತೀವ್ರವಾಗಿರುವುದು ಒಂದರಿಂದ ಮೂರರ ನಡುವೆ, ಮೆಕ್ಕೆಜೋಳ ನಿಂತಿರುವುದೂ ಅಲ್ಲೇ. ಅದಕ್ಕೇ ಅದರ ಸುತ್ತ ಇಷ್ಟು ಗಲಾಟೆ. ಅಮೆರಿಕದಲ್ಲಿ ಬೆಳೆದ ಮೆಕ್ಕೆಜೋಳದಲ್ಲಿ ಶೇ 35ರಿಂದ 40 ಎಥೆನಾಲ್ ಕಾರ್ಖಾನೆಗೆ ಹೋಗುತ್ತದೆ. ಅದರಲ್ಲಿ ಮೂರನೇ ಒಂದರಷ್ಟು ಪಶುಆಹಾರವಾಗಿ ಮರಳುತ್ತದೆ ಎಂಬುದನ್ನು ಮರೆಯದಿರೋಣ. ಅಷ್ಟು ಜೋಳ ಆ ದೇಶದ ಪೆಟ್ರೋಲ್‌ನಲ್ಲಿ ಪರಿಮಾಣದ ಲೆಕ್ಕದಲ್ಲಿ ಶೇ 10 ತುಂಬುತ್ತದೆ. ಶಕ್ತಿಯ ಲೆಕ್ಕದಲ್ಲಿ ಅದು ಶೇ 7. ಅನುಪಾತ 2 ಎಂದು ಒಪ್ಪಿಕೊಂಡರೆ ನಿವ್ವಳ ಶೇ 3.5. ಜಗತ್ತಿನ ಅತಿ ದೊಡ್ಡ ಮೆಕ್ಕೆಜೋಳದ ಫಸಲಿನಿಂದ ಇಷ್ಟು.

ಕಬ್ಬಿನ ಎಂಟು ಪಟ್ಟಿನ ಗುಟ್ಟು ಬೇರೆ. ಕಬ್ಬು ಸಕ್ಕರೆಯನ್ನು ಸಿದ್ಧವಾಗಿಯೇ ಕೊಡುತ್ತದೆ, ಬೇಯಿಸಿ ಕಿಣ್ವ ಹಾಕುವ ಕೆಲಸ ಉಳಿಯಿತು. ಆದರೆ ದೊಡ್ಡ ಕಾರಣ ಅದಲ್ಲ. ಒಂದು ಟನ್ ಕಬ್ಬು ಅರೆದರೆ 80 ಲೀಟರ್ ಎಥೆನಾಲ್‌ಗೆ ಬೇಕಾದ ರಸ ಬರುತ್ತದೆ. ಜೊತೆಗೆ 270 ಕಿಲೋ ಹಸಿ ಸಿಪ್ಪೆ ಉಳಿಯುತ್ತದೆ. ಆ 80 ಲೀಟರಿನಲ್ಲಿರುವುದು ಸುಮಾರು 1,700 ಮೆಗಾಜೂಲ್. ಆ ಸಿಪ್ಪೆ ಅರ್ಧದಷ್ಟು ನೀರೇ ಆಗಿದ್ದರೂ ಉರಿಸಿದರೆ 2,000 ಮೆಗಾಜೂಲ್. ಅಂದರೆ ಉಪ ಎನಿಸಿಕೊಂಡದ್ದರಲ್ಲಿ ಮುಖ್ಯವಾದದ್ದಕ್ಕಿಂತ ಹೆಚ್ಚು ಶಕ್ತಿಯಿದೆ! ಕಾರ್ಖಾನೆ ಆ ಸಿಪ್ಪೆಯನ್ನೇ ಬಾಯ್ಲರಿಗೆ ಹಾಕಿ ಬಟ್ಟಿ ಇಳಿಸುತ್ತದೆ, ತನ್ನ ವಿದ್ಯುತ್ತನ್ನು ತಾನೇ ಮಾಡಿಕೊಂಡು ಮಿಕ್ಕಿದ್ದನ್ನು ಮಾರುತ್ತದೆ. ಖರ್ಚಿನ ಕಡೆ ಬರೆಯುವುದು ಪಳೆಯುಳಿಕೆ ಇಂಧನವನ್ನು ಮಾತ್ರ ಆದ್ದರಿಂದ ಅಲ್ಲಿ ಹೊಲದ ಡೀಸೆಲ್ಲು, ಗೊಬ್ಬರ, ಲಾರಿ ಇಷ್ಟೇ ಕಾಣುತ್ತದೆ. ಹಾಗಾಗಿ ಎಂಟು, ಒಂಬತ್ತು.

ಈ ಅಂಕಿ ಕಬ್ಬಿನ ಗುಣ ಎಂದುಕೊಂಡವರು ಎಡವುತ್ತಾರೆ. ಅದೇ ಕಬ್ಬಿನ ಡಿಸ್ಟಿಲರಿ ಸಿಪ್ಪೆಯನ್ನು ಕಾಗದದ ಕಾರ್ಖಾನೆಗೆ ಮಾರಿ, ಬಾಯ್ಲರಿಗೆ ಕಲ್ಲಿದ್ದಲು ಹಾಕಿದರೆ ಎಂಟು ಪಟ್ಟು ಎಂಬುದು ಅಂದೇ ಕುಸಿದು ಮೆಕ್ಕೆಜೋಳದ ನೆರೆಗೆ ಬರುತ್ತದೆ. ತದ್ವಿರುದ್ಧವಾಗಿ ಮೆಕ್ಕೆಜೋಳದ ಘಟಕ ಜೋಳದ ದಂಟನ್ನು ಉರಿಸಿದರೆ ಅದರ ಅನುಪಾತ ಸಲೀಸಾಗಿ ಮೇಲೇಳುತ್ತದೆ. ದಂಟನ್ನೆಲ್ಲ ಹೊತ್ತು ತಂದರೆ ಮಣ್ಣಿನ ಸಾವಯವ ಅಂಶ ಸೋರುತ್ತದೆ, ಆ ಮಾತು ಬೇರೆ. ನನ್ನನ್ನು ಕೇಳಿದರೆ, ಯಾವುದೇ ಎಥೆನಾಲ್ ಯೋಜನೆಯ ಕಡತ ಕೈಗೆ ಬಂದಾಗ ಬೆಳೆಯ ಹೆಸರಿಗಿಂತ ಮೊದಲು ನೋಡಬೇಕಾದದ್ದು ಬಾಯ್ಲರಿನ ಇಂಧನ ಯಾವುದು ಎಂಬ ಸಾಲನ್ನು.

ಬಾಯ್ಲರ್ ಎಷ್ಟೇ ಚೊಕ್ಕವಾಗಿದ್ದರೂ ತಪ್ಪಿಸಿಕೊಳ್ಳಲಾಗದ್ದು ನೆಲ. ಎಲೆ ಬಿಸಿಲನ್ನು ಹಿಡಿಯುವ ದಕ್ಷತೆಯೇ ಬಹಳ ಕಡಿಮೆ. ಹೆಕ್ಟೇರಿಗೆ 4,500 ಲೀಟರ್ ಎಂದರೆ ವರ್ಷಕ್ಕೆ ಆ ನೆಲದ ಮೇಲೆ ಬಿದ್ದ ಬಿಸಿಲಿನಲ್ಲಿ ಶೇ 0.2ರಷ್ಟು ಮಾತ್ರ ಎಥೆನಾಲ್ ಆಯಿತು. ಕಬ್ಬಿನಲ್ಲಿ ಹೆಕ್ಟೇರಿಗೆ 6,000–7,000 ಲೀಟರ್ ಸಿಕ್ಕರೂ ಕಬ್ಬು ಬೆಳೆಯುವ ಸೀಮೆಯಲ್ಲಿ ಬಿಸಿಲೂ ಹೆಚ್ಚಾದ್ದರಿಂದ ಪ್ರಮಾಣ ಬಹಳ ಬದಲಾಗದು. ಇದನ್ನು ಕಿಲೋಮೀಟರಿನಲ್ಲಿ ಹೇಳುತ್ತೇನೆ. ಪೆಟ್ರೋಲಿಗೆ 15 ಕಿಲೋಮೀಟರ್ ಓಡುವ ಕಾರು ಎಥೆನಾಲ್‌ಗೆ 10 ಓಡೀತು. ಹೆಕ್ಟೇರ್ ಜೋಳದಿಂದ ವರ್ಷಕ್ಕೆ 45,000 ಕಿಲೋಮೀಟರ್, ಅದೂ ಖರ್ಚು ಕಳೆಯುವ ಮುನ್ನ. ಅದೇ ಹೆಕ್ಟೇರಿನಲ್ಲಿ ಅರ್ಧ ಮೆಗಾವ್ಯಾಟ್ ಸೌರಫಲಕ ಹಾಕಿದರೆ ವರ್ಷಕ್ಕೆ ಏಳೂವರೆ ಲಕ್ಷ ಯೂನಿಟ್. ಯೂನಿಟ್ಟಿಗೆ 6 ಕಿಲೋಮೀಟರ್ ಓಡುವ ವಿದ್ಯುತ್ ಕಾರಿಗೆ ಅದು 45 ಲಕ್ಷ ಕಿಲೋಮೀಟರ್. ನೂರು ಪಟ್ಟು. ಸಂಗ್ರಹಣೆ, ಪ್ರಸರಣದ ನಷ್ಟ, ಬ್ಯಾಟರಿ ತಯಾರಿಕೆ ಎಂದು ಎಷ್ಟು ಕಳೆದರೂ ಈ ಅಂತರ ಮುಚ್ಚುವುದಿಲ್ಲ. ಎಥೆನಾಲ್ ಪರವಾಗಿ ಹೇಳಬಹುದಾದ ಮಾತು ಒಂದೇ: ಇಂದು ರಸ್ತೆಯಲ್ಲಿರುವ ಕೋಟ್ಯಂತರ ವಾಹನಗಳಿಗೆ ಟ್ಯಾಂಕ್ ಇದೆ, ಬ್ಯಾಟರಿ ಇಲ್ಲ. ಸಣ್ಣ ಮಾತೇನಲ್ಲ ಅದು.

ಹವಾಮಾನದ ವಿಷಯದಲ್ಲಿ ನೆಲದ ಪ್ರಶ್ನೆ ಇನ್ನೂ ಸಿಕ್ಕಾಗುತ್ತದೆ. ಗೊಬ್ಬರದ ಸಾರಜನಕದಲ್ಲಿ ಒಂದು ಸಣ್ಣ ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 273 ಪಟ್ಟು ಬಿಸಿ ಮಾಡುವ ಅನಿಲ. ಜೋಳದ ಬೆಲೆ ಏರಿತೆಂದು ಎಲ್ಲೋ ಹುಲ್ಲುಗಾವಲನ್ನೋ ಕಾಡನ್ನೋ ಉತ್ತರೆ ಮಣ್ಣಿನಲ್ಲಿದ್ದ ಇಂಗಾಲವೂ ಹೊರಬಿತ್ತು. 2008ರಲ್ಲಿ ತಿಮೋತಿ ಸರ್ಚಿಂಜರ್ ತಂಡ ಈ ಬಾಬ್ತನ್ನು ಸೇರಿಸಿ, ಮೆಕ್ಕೆಜೋಳದ ಎಥೆನಾಲ್ 30 ವರ್ಷಗಳ ಅವಧಿಯಲ್ಲಿ ಹಸಿರುಮನೆ ಅನಿಲವನ್ನು ಇಮ್ಮಡಿಯ ಹತ್ತಿರ ತರುತ್ತದೆ ಎಂದಿತು. 2022ರಲ್ಲಿ ಟೈಲರ್ ಲಾರ್ಕ್ ಮತ್ತಿತರರ ಅಧ್ಯಯನ ಪೆಟ್ರೋಲ್‌ಗಿಂತ ಅದು ಕಡಿಮೆಯಿಲ್ಲ, ಬಹುಶಃ ಶೇ 24 ಹೆಚ್ಚೇ ಎಂದಿತು. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಲೆಕ್ಕ ಇದಕ್ಕೆ ಪೂರ್ತಿ ವಿರುದ್ಧ: ಪೆಟ್ರೋಲ್‌ಗಿಂತ ಶೇ 40ಕ್ಕೂ ಹೆಚ್ಚು ಕಡಿಮೆ. ಕಾರ್ಖಾನೆಯ ಮೀಟರನ್ನು ಇಬ್ಬರೂ ಒಂದೇ ರೀತಿ ಓದುತ್ತಾರೆ. ದೂರದ ಹೊಲದಲ್ಲಿ ಯಾರು ಯಾಕಾಗಿ ಉತ್ತರು ಎಂಬುದನ್ನು ಮೀಟರಿನಲ್ಲಿ ಓದಲಾಗದು, ಮಾದರಿಯಲ್ಲಿ ಊಹಿಸಬೇಕು. ಊಹೆ ಬೇರೆಯಾದಂತೆ ಉತ್ತರವೂ ಬೇರೆ.

ಈಗ ದುಡ್ಡಿನ ಮಾತು. ಎಥೆನಾಲ್ ಕಾರ್ಖಾನೆಯ ಖರ್ಚಿನಲ್ಲಿ ಶೇ 60ರಿಂದ 75ರವರೆಗೆ ಬೆಳೆಯ ಬೆಲೆಯೇ. ಯಂತ್ರ, ಕೂಲಿ, ಬಡ್ಡಿ ಎಲ್ಲ ಉಳಿದದ್ದರಲ್ಲಿ. ಹಾಗಾಗಿ ಈ ಉದ್ಯಮದ ಮಾಲೀಕ ನಿಜಕ್ಕೂ ಮಾಡುತ್ತಿರುವುದು ಜೋಳದ ಬೆಲೆಗೂ ತೈಲದ ಬೆಲೆಗೂ ನಡುವಿನ ಅಂತರದ ಮೇಲಿನ ವ್ಯಾಪಾರ. ಎರಡೂ ಅವನ ಕೈಯಲ್ಲಿಲ್ಲ. 2012ರ ಬರದಲ್ಲಿ ಅಮೆರಿಕದಲ್ಲಿ ಮೆಕ್ಕೆಜೋಳ ಬುಷೆಲಿಗೆ (ಸುಮಾರು 25 ಕಿಲೋ) 8 ಡಾಲರ್ ದಾಟಿದಾಗ ಹಲವು ಘಟಕಗಳು ಬಾಗಿಲು ಹಾಕಿ ಕೂತವು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2011ರ ಕೊನೆಗೆ, ಮಿಶ್ರಣ ಮಾಡುವವರಿಗೆ ಗ್ಯಾಲನ್ನಿಗೆ 45 ಸೆಂಟ್‌ನಂತೆ ಸಿಗುತ್ತಿದ್ದ ತೆರಿಗೆ ರಿಯಾಯಿತಿ ನಿಂತಿತ್ತು. ಉದ್ಯಮ ಮುಳುಗಿತು ಎಂದವರಿದ್ದರು. ಬರ ಕಳೆದ ಮೇಲೆ ಉತ್ಪಾದನೆ ಹಿಂದಿನದನ್ನೂ ಮೀರಿತು. ಎರಡು ಆಸರೆ ಉಳಿದಿದ್ದವು: ಒಂದು, 2005ರಲ್ಲಿ ಬಂದು 2007ರಲ್ಲಿ ಹಿಗ್ಗಿದ ಕಡ್ಡಾಯ ಬಳಕೆಯ ಕಾನೂನು. ಇನ್ನೊಂದು, ಆಕ್ಟೇನ್.

ಈ ಆಕ್ಟೇನ್ ವಿಷಯ ಅರ್ಥವಾದರೆ ಎಥೆನಾಲ್‌ನ ಅರ್ಥಶಾಸ್ತ್ರ ಅರ್ಧ ಅರ್ಥವಾದಂತೆ. ಪೆಟ್ರೋಲ್ ಲೀಟರಿಗೆ 100 ಇದ್ದರೆ ಎಥೆನಾಲ್‌ನ ನ್ಯಾಯವಾದ ಬೆಲೆ ಶಕ್ತಿಯ ಲೆಕ್ಕದಲ್ಲಿ 66. ಆದರೆ ಶುದ್ಧೀಕರಣ ಘಟಕಕ್ಕೆ ಅದು ಬೇಕಾಗಿರುವುದು ಶಕ್ತಿಗಾಗಿ ಅಲ್ಲ. ಎಂಜಿನ್ ಬಡಿತ ತಡೆಯಲು ಪೆಟ್ರೋಲಿನ ಆಕ್ಟೇನ್ ಏರಿಸಬೇಕು. ಒಂದು ಕಾಲಕ್ಕೆ ಸೀಸ ಬೆರೆಸುತ್ತಿದ್ದರು, ಅದು ವಿಷ. ಆಮೇಲೆ ಎಂಟಿಬಿಇ ಎಂಬ ರಾಸಾಯನಿಕ ಬಂತು, ಅದು ಅಂತರ್ಜಲಕ್ಕೆ ಇಳಿಯತೊಡಗಿದಾಗ ಅಮೆರಿಕದ ರಾಜ್ಯಗಳು ಒಂದೊಂದಾಗಿ ನಿಷೇಧಿಸಿದವು. ಆ ಜಾಗಕ್ಕೆ ಎಥೆನಾಲ್ ಬಂದು ಕೂತಿತು. 108ರ ಆಸುಪಾಸಿನ ಆಕ್ಟೇನ್ ಇರುವ ದ್ರವವನ್ನು ಶೇ 10 ಬೆರೆಸಿದರೆ, ಮೂಲ ಪೆಟ್ರೋಲನ್ನು ಅಗ್ಗದ, ಕೆಳದರ್ಜೆಯದನ್ನಾಗಿ ಮಾಡಿಕೊಳ್ಳಬಹುದು. ಆ ಉಳಿತಾಯದಿಂದಾಗಿ ಮೊದಲ ಶೇ 10ರ ಎಥೆನಾಲ್‌ಗೆ 66ಕ್ಕಿಂತ ಸಾಕಷ್ಟು ಹೆಚ್ಚು ಕೊಟ್ಟರೂ ಘಟಕಕ್ಕೆ ಗಿಟ್ಟುತ್ತದೆ. ಆಕ್ಟೇನ್ ಬೇಕಾದಷ್ಟು ಏರಿದ ಮೇಲೆ, ಅದಕ್ಕೆ ತಕ್ಕ ಎಂಜಿನ್ ಇಲ್ಲದಿದ್ದರೆ, ಮುಂದಿನ ಪ್ರತಿ ಲೀಟರೂ ಬರೀ ಇಂಧನವಾಗಿ ಮಾರಾಟವಾಗಬೇಕು, 66ಕ್ಕೆ. ಒಂದೇ ದ್ರವಕ್ಕೆ ಎರಡು ಬೆಲೆ. ಮೊದಲ ಹಂತದ ಲಾಭ ತೋರಿಸಿ ಎರಡನೇ ಹಂತಕ್ಕೆ ಬಂಡವಾಳ ಎತ್ತುವವರನ್ನು ಕಂಡರೆ ಜಾಗ್ರತೆಯಾಗಿರಿ.

ಎರಡನೇ ಹಂತದಲ್ಲೂ ಬದುಕಿದ ದೇಶ ಬ್ರೆಜಿಲ್. 1975ರಲ್ಲಿ, ತೈಲ ಬೆಲೆ ಏರಿ ಸಕ್ಕರೆ ಬೆಲೆ ಬಿದ್ದ ಹೊತ್ತಿಗೆ, ಅಲ್ಲಿನ ಸೇನಾ ಸರ್ಕಾರ ಪ್ರೊಆಲ್ಕೋಲ್ ಯೋಜನೆ ತಂದಿತು. 1980ರ ದಶಕದ ನಡುವೆ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತು ಬರೀ ಎಥೆನಾಲ್‌ನಲ್ಲಿ ಓಡುವವು. 1986ರಲ್ಲಿ ತೈಲ ಬೆಲೆ ಕುಸಿಯಿತು, ಮುಂದೆ ಸಕ್ಕರೆಗೆ ಬೆಲೆ ಬಂತು. ಕಾರ್ಖಾನೆಗಳು ಸಕ್ಕರೆಯತ್ತ ತಿರುಗಿದವು. 1989–90ರಲ್ಲಿ ಎಥೆನಾಲ್ ಕಾರು ಕೊಂಡವರು ಬಂಕುಗಳ ಮುಂದೆ ಸಾಲು ನಿಂತರು. ಆ ಕಾರುಗಳ ಮೇಲಿನ ನಂಬಿಕೆ ಅಲ್ಲಿಗೆ ಹೋಯಿತು. ಅದು ಮರಳಿದ್ದು 2003ರಲ್ಲಿ, ಯಾವ ಪ್ರಮಾಣದ ಮಿಶ್ರಣವನ್ನಾದರೂ ಕುಡಿಯುವ ಫ್ಲೆಕ್ಸ್ ಕಾರುಗಳು ಬಂದ ಮೇಲೆ. ಇಂದು ಅಲ್ಲಿನ ಚಾಲಕರಿಗೆ ಒಂದು ಸೂತ್ರ ಬಾಯಿಪಾಠ: ಎಥೆನಾಲ್ ಬೆಲೆ ಪೆಟ್ರೋಲಿನ ಶೇ 70ಕ್ಕಿಂತ ಕೆಳಗಿದ್ದರೆ ಎಥೆನಾಲ್, ಮೇಲಿದ್ದರೆ ಪೆಟ್ರೋಲ್. ಕಾರ್ಖಾನೆ ಸಕ್ಕರೆಗೂ ಎಥೆನಾಲ್‌ಗೂ ನಡುವೆ ಆಚೀಚೆ ಹೊರಳುತ್ತದೆ, ಗ್ರಾಹಕ ಎರಡು ಇಂಧನಗಳ ನಡುವೆ. ಬೆಳೆ ಕೈಕೊಟ್ಟ ವರ್ಷ ಯಾರೂ ರಸ್ತೆಯಲ್ಲಿ ನಿಲ್ಲುವುದಿಲ್ಲ. ಬ್ರೆಜಿಲ್‌ನ ಯಶಸ್ಸಿಗೆ ಮಳೆ, ನೆಲ, ಸಿಪ್ಪೆ ಎಷ್ಟು ಕಾರಣವೋ ಈ ಆಯ್ಕೆಯ ಸ್ವಾತಂತ್ರ್ಯವೂ ಅಷ್ಟೇ ಕಾರಣ ಎಂಬುದು ನನ್ನ ಅಭಿಪ್ರಾಯ. ಒಂದೇ ಮಿಶ್ರಣವನ್ನು ಎಲ್ಲರಿಗೂ ಕಡ್ಡಾಯ ಮಾಡಿದ ಕಡೆ ಈ ಕವಾಟ ಇರುವುದಿಲ್ಲ. ಬರ ಬಂದರೆ ಕಾರ್ಖಾನೆಯೂ ಪಶುಸಾಕಣೆಯೂ ಒಂದೇ ರಾಶಿಗೆ ಕೈ ಹಾಕುತ್ತವೆ, ಬೆಲೆ ಏರಿದ್ದರ ಹೊರೆ ಎಥೆನಾಲ್‌ಗೆ ಸಂಬಂಧವೇ ಇಲ್ಲದವರ ಮೇಲೆ ಬೀಳುತ್ತದೆ.

ಹುಲ್ಲು, ದಂಟು, ಮರದ ಪುಡಿಯಿಂದ ಎಥೆನಾಲ್ ಮಾಡಿಬಿಟ್ಟರೆ ಈ ತಕರಾರೆಲ್ಲ ತೀರುತ್ತದಲ್ಲ ಎಂದು ನೀವು ಮುಂದೆ ಕೇಳಬಹುದು. ಕಾಗದದ ಮೇಲೆ ತೀರುತ್ತದೆ. ಅಮೆರಿಕದ ಕಾನೂನು 2022ಕ್ಕೆ ಇಂಥ ಇಂಧನ 1,600 ಕೋಟಿ ಗ್ಯಾಲನ್ ಆಗಬೇಕೆಂದು ಬರೆದುಕೊಂಡಿತ್ತು. 2014–15ರಲ್ಲಿ ಮೂರು ದೊಡ್ಡ ಘಟಕಗಳು ಅಲ್ಲಿ ಶುರುವಾದವು: ಕ್ಯಾನ್ಸಸ್‌ನ ಹ್ಯೂಗೋಟನ್‌ನಲ್ಲಿ ಅಬೆಂಗೋವಾ, ಅಯೋವಾದಲ್ಲಿ ಪೋಯೆಟ್–ಡಿಎಸ್‌ಎಂ ಮತ್ತು ಡುಪಾಂಟ್. ದಶಕ ಮುಗಿಯುವ ಮುನ್ನ ಮೂರೂ ನಿಂತವು. ಕಿಣ್ವ ದುಬಾರಿ, ದಂಟಿನ ಜೊತೆ ಬರುವ ಮಣ್ಣು ಯಂತ್ರವನ್ನು ಸವೆಸುತ್ತದೆ, ಹಗುರವಾದ ಹುಲ್ಲನ್ನು ದೂರದಿಂದ ತರುವ ಸಾಗಣೆ ಲಾಭವನ್ನೆಲ್ಲ ನುಂಗುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ: ಆಕ್ಟೇನ್‌ಗಾಗಿ ಬೆರೆಸುವ ಮೊದಲ ಶೇ 10ರಷ್ಟು, ಬೆಳೆ ಅಗ್ಗವಾಗಿ ಸಿಗುವ ಕಡೆ, ಸಬ್ಸಿಡಿ ಇಲ್ಲದೆಯೂ ನಿಲ್ಲುತ್ತದೆ. ಅದಕ್ಕಿಂತ ಮೇಲಿನದು ತೈಲ ದುಬಾರಿಯಾಗಿದ್ದು, ಬಾಯ್ಲರಿಗೆ ಸಿಪ್ಪೆ ಇದ್ದು, ಗ್ರಾಹಕನಿಗೆ ಆಯ್ಕೆ ಇದ್ದ ಕಡೆ ಮಾತ್ರ ನಿಲ್ಲುತ್ತದೆ. ಉಳಿದ ಕಡೆ ಅದನ್ನು ನಿಲ್ಲಿಸಿರುವುದು ಕಾನೂನು. ನೀವೇನಾದರೂ ಇಂಥ ಕಾರ್ಖಾನೆಯ ಷೇರು ಕೊಳ್ಳುವ ಯೋಚನೆಯಲ್ಲಿದ್ದರೆ, ವಾರ್ಷಿಕ ವರದಿಯಲ್ಲಿ ಉತ್ಪಾದನಾ ಸಾಮರ್ಥ್ಯದ ಪುಟಕ್ಕಿಂತ ಮೊದಲು ಮೂರನ್ನು ಹುಡುಕಿ: ಬಾಯ್ಲರಿನ ಇಂಧನಕ್ಕೆ ಎಷ್ಟು ವರ್ಷದ ಒಪ್ಪಂದವಿದೆ, ಹಿಂಡಿಯನ್ನು ಕೊಳ್ಳುವವರು ಯಾರು, ಒಂದು ಮುಂಗಾರು ತಪ್ಪಿದರೆ ಬೆಳೆ ಎಲ್ಲಿಂದ ತರುತ್ತಾರೆ.